ಯಾರೂ ಬೆರಳು ತೋರದ್ದು

ತಾರ್ತುವಿನಲ್ಲಿ ಆರು ವರ್ಷ
ಮರೆವಿನ ಮೇಲೆ ಪ್ರಬಂಧ ಬರೆದೆ.
ಮನುಷ್ಯರ ಮರೆವಲ್ಲ, ಯಂತ್ರದ್ದು:
ತುಂಬಿ ತುಳುಕುವ ನೆನಪಿನೊಳಗೆ
ಯಾವುದನ್ನು ಬಿಸಾಡಬಹುದು, ಯಾವುದನ್ನು ಮುಟ್ಟಕೂಡದು.
ನಿಯಮ ಸರಳ. ಯಾರೂ ಬೆರಳು ತೋರದ್ದು ಕಸ.
ಎಲ್ಲಿಂದಲೋ ಒಂದು ಬಾಣ ಬಂದು ತಾಗಿದರೆ
ಅದಕ್ಕಿನ್ನೂ ಜೀವವಿದೆ.

ಸರಳ ಎಂದೆನೇ? ಅದನ್ನು ಸಾಧಿಸಲು
ನೂರ ನಲವತ್ತು ಪುಟ,
ಎರಡು ಸಲ ವಾಪಸು ಬಂದ ಲೇಖನ,
ಅಂಚಿನಲ್ಲಿ ಪ್ರೊಫೆಸರ್ ಲೀವಾಮೆಗಿಯ
ಒಂದೇ ಷರಾ, ಪೆನ್ಸಿಲಿನಲ್ಲಿ:
"ಖಚಿತವೇ, ವಿರ್ವೆ?"
ಕೆಳಗೆ ಎಮಾಯೊಗಿ ಹೊಳೆ ಹೆಪ್ಪುಗಟ್ಟುತ್ತಿತ್ತು, ಒಡೆಯುತ್ತಿತ್ತು,
ಮತ್ತೆ ಹೆಪ್ಪುಗಟ್ಟುತ್ತಿತ್ತು. ನಾನು ಬಾಣ ಎಳೆಯುತ್ತಿದ್ದೆ.

ಮೌಖಿಕ ಪರೀಕ್ಷೆಯ ದಿನ ಹಿಂದಿನ ಸಾಲಿನಲ್ಲಿದ್ದ ತಮ್ಮ,
ಬಸ್ ಓಡಿಸುವವನು, ಹೊರಗೆ ಬಂದು ಕೇಳಿದ:
"ಅಂದರೆ, ಬೇಕಾದ್ದನ್ನು ಎಸೆಯಬೇಡ ಅಂತಲೇ?"
ಅಷ್ಟೇ, ಎಂದೆ.

ಅನುದಾನ ಮುಗಿಯಿತು. ಪ್ರಮೇಯ ಬೇಯಿಸಿ ಉಣ್ಣಲಾಗದು.
ತಾಲಿನ್ನಿಗೆ ಬಂದೆ, ಹಡಗಿಗೆ ಲಾರಿ ಹತ್ತಿಸುವ ಲೆಕ್ಕದ ಕಂಪನಿಗೆ.
ಇಲ್ಲಿ ಯಾರೂ ಏನನ್ನೂ ಸಾಧಿಸುತ್ತಿರಲಿಲ್ಲ,
ಶುಕ್ರವಾರದೊಳಗೆ ಸರಿ ಕಂಡರೆ ಸಾಕು.
ಹೆಲ್ಸಿಂಕಿಯ ಹಡಗು ಕಾಯುವುದಿಲ್ಲ.
ಹಿಡಿಸಿತು ನನಗೆ, ಸುಳ್ಳೇಕೆ:
ಬೆಳಿಗ್ಗೆ ಬರೆದ ಸಾಲು ಸಂಜೆಯೊಳಗೆ
ಮೀನಿನ ಲಾರಿಯೊಂದನ್ನು ಕಡಲು ದಾಟಿಸುತ್ತಿತ್ತು.

ಮ್ಯಾನೇಜರ್ ಆದದ್ದು ಬೇರಾರೂ ಇಲ್ಲದೆ.
ಮಗು ಹುಟ್ಟಿತೆಂದು ಕಾಯ್ಡೊ ರಜೆ ಹಾಕಿದ,
"ನೀನು ಸ್ವಲ್ಪ ನೋಡಿಕೋ" ಎಂದ.
ಆ ಸ್ವಲ್ಪಕ್ಕೆ ಈಗ ಒಂಬತ್ತು ವರ್ಷ.
ಮೊದಮೊದಲು ರಾತ್ರಿ ಕದ್ದು ಕೋಡ್ ಬರೆದೆ
ಪಥ್ಯದವರು ಬೆಲ್ಲ ಮೆಲ್ಲುವ ಹಾಗೆ.
ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಹೇಳಿದ:
"ನೀವು ಬರೆದದ್ದನ್ನು ನಾವು ಬೆಳಿಗ್ಗೆ ತಿದ್ದುತ್ತೇವೆ."
ನಿಲ್ಲಿಸಿದೆ.
ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಲು ಕಲಿತೆ.
ಎದುರಿನವರು ಸುಮ್ಮನಾದಾಗ
ಆ ಜಾಗವನ್ನು ತುಂಬದಿರಲು ಕಲಿತೆ.
ಪ್ರಬಂಧ ಈಗ ಮಾನಿಟರಿನ ಕೆಳಗಿದೆ,
ಅದರ ಎತ್ತರ ನನ್ನ ಕತ್ತಿಗೆ ಒಗ್ಗಿದೆ.

ನವೆಂಬರಿನಲ್ಲಿ ಮೇಲಿನಿಂದ ಒಂದು ಸಂಖ್ಯೆ ಇಳಿಯಿತು.
ಹದಿನಾಲ್ಕರಲ್ಲಿ ಎರಡು. ಹೆಸರು ಬರೆಯುವವಳು ನಾನು.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ
ಹದಿನಾಲ್ಕು ವೃತ್ತ ಬರೆದು ಬಾಣ ಎಳೆದೆ,
ಯಾರ ಕೆಲಸ ಯಾರಿಗೆ ಆತುಕೊಂಡಿದೆಯೆಂದು.
ಹೈನೊ ಪಿಹ್ಲಕ್, ಐವತ್ತೆಂಟು.
ಯಾವ ಯೋಜನೆಯಲ್ಲೂ ಹೆಸರಿಲ್ಲ, ಸಭೆಯಲ್ಲಿ ತುಟಿ ಬಿಚ್ಚುವುದಿಲ್ಲ,
ಮಧ್ಯಾಹ್ನ ಒಬ್ಬನೇ ಕೂತು ಹೊಗೆಹಾಕಿದ ಮೀನು ಬಿಡಿಸುತ್ತಾನೆ.
ಅವನ ವೃತ್ತಕ್ಕೆ ಒಂದು ಬಾಣವೂ ಬರಲಿಲ್ಲ.

ಖಚಿತವೇ, ವಿರ್ವೆ?

ಮರುದಿನ ಒಬ್ಬೊಬ್ಬರನ್ನೇ ಕೇಳಿದೆ:
ರಾತ್ರಿ ಮೂರಕ್ಕೆ ಬಂದರು ಸ್ತಬ್ಧವಾದರೆ ಯಾರಿಗೆ ಫೋನ್?
ಹೈನೊಗೆ.
ಹೈನೊಗೆ.
ಇನ್ಯಾರಿಗೆ, ಹೈನೊಗೆ.
ಕಾಗದದ ಮೇಲೆ ಹನ್ನೊಂದು ಬಾಣ.

ಇಲ್ಲಿಗೇ ಮುಗಿಸಬಹುದಿತ್ತು. ಸಂಖ್ಯೆ ಮಾತ್ರ ಎರಡೇ ಉಳಿಯಿತು.
ಪ್ರಮೇಯದಲ್ಲಿ ಕಸವೆಂಬುದು ಇರುತ್ತದೆ,
ನನ್ನ ಕಾಗದದಲ್ಲಿ ಇರಲಿಲ್ಲ.
ಸೋಮವಾರ ತಾವಿಗೆ ಹೇಳಿದೆ. ಮಂಗಳವಾರ ಐರಿಗೆ.
ಅವಳು ಸಾಲದ ಮಾತೆತ್ತಲಿಲ್ಲ, ಅಳಲಿಲ್ಲ,
"ನೀಲಿ ಲೋಟ ನನ್ನದು, ಒಯ್ಯಬಹುದಲ್ಲ?" ಎಂದಳು.
ನಾನೇ ಕಾಗದದಲ್ಲಿ ಸುತ್ತಿಕೊಟ್ಟೆ.

ಜನವರಿಯ ಒಂದು ಬೆಳಿಗ್ಗೆ, ಬೆಳಕಿನ್ನೂ ಹರಿದಿರಲಿಲ್ಲ,
ಹೈನೊ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಕಾಗದ.
"ಹೀಯುಮಾ ದ್ವೀಪಕ್ಕೆ ಹೋಗುತ್ತೇನೆ. ದೋಣಿ ಇದೆ.
ಬೇಸಿಗೆಯಿಂದಲೇ ಅಂದುಕೊಂಡಿದ್ದೆ.
ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

ಬಹಳ ಹೊತ್ತು ಅವನ ಸಹಿಯನ್ನೇ ನೋಡಿದೆ.
"ಫೋನ್ ಮಾಡಬಹುದೇ?" ಎಂದೆ ಕೊನೆಗೆ.

"ಮಾಡಿ" ಎಂದ ಹೈನೊ.
"ಹಗಲು ಹೊತ್ತಿನಲ್ಲಿ."